ಉಗಿಯ ಪೈಪಿಗೆ ಎಂಥ ಒರೆ ಬೇಕು?

ಅಧ್ಯಕ್ಷರೂ ನಮ್ಮ ಅಕ್ಕಿ ಗಿರಣಿಯ ಮಾಲೀಕರೂ ಆದ ಶಂಕರಯ್ಯನವರೇ, ಇಂದು ಬೀಳ್ಕೊಡುಗೆ ಸ್ವೀಕರಿಸುತ್ತಿರುವ ಎಂಜಿನಿಯರ್ ಭಾಗ್ಯಜ್ಯೋತಿ ಮೇಡಂ ಅವರೇ, ಗದ್ವಾಲದಿಂದ ದಯಮಾಡಿಸಿದ ಅತಿಥಿಗಳೇ, ಉಪ್ಪಿಟ್ಟಿನ ವಾಸನೆ ಬಂದರೂ ಎದ್ದು ಹೋಗದ ಮಕ್ತಲಿನ ಸಭಿಕರೇ,

ನಾನು ಬಾಯ್ಲರ್ ನೋಡಿಕೊಳ್ಳುವ ಕಾಂತೇಶ. ಮೇಡಂ ಬಗ್ಗೆ ಎರಡು ಮಾತು ಆಡಬೇಕೆಂದು ಅಪ್ಪಣೆಯಾಗಿದೆ. ಎರಡೇ ಮಾತಿನಲ್ಲಿ ಮುಗಿಯಲು ನಮ್ಮಿಬ್ಬರ ಜಗಳವೇನು ಸಣ್ಣದೇ?

ತೆಲಂಗಾಣ ರಾಜ್ಯವಾದ ವರ್ಷವೇ ಅವರು ನಮ್ಮಲ್ಲಿಗೆ ಬಂದರು. ಹೊರಗೆ ಹೊಸ ರಾಜ್ಯದ ಪಟಾಕಿ, ಒಳಗೆ ಹೊಸ ಎಂಜಿನಿಯರ್ ಅವರದು. ಮೊದಲ ಜಗಳ ಒರೆಯ ಬಗ್ಗೆ. ಕತ್ತಿಯ ಒರೆಯಲ್ಲ. ಭತ್ತ ಬೇಯಿಸುವ ಉಗಿ ಎಷ್ಟು ಬಿಸಿಯಿದೆ ಎಂದು ತಿಳಿಯಲು ಪೈಪಿನೊಳಗೆ ತಾಪಮಾಪಕದ ಕಡ್ಡಿ ಇಳಿಸುತ್ತೇವೆ. ಆ ರಭಸಕ್ಕೆ ಬರಿಮೈ ಕಡ್ಡಿ ತಡೆಯದು. ಅದಕ್ಕೆ ತೊಡಿಸುವ ಉಕ್ಕಿನ ಕೊಳವೆಯೇ ಒರೆ.

ಅದು ಎಷ್ಟು ಉದ್ದವಿರಬೇಕು? ನಮ್ಮ ಅಧ್ಯಕ್ಷರ ತಂದೆ ಜೋಳದ ವ್ಯಾಪಾರಿಗಳು. ಜೋಳದ ರಾಶಿಯೊಳಗೆ ಉದ್ದನೆಯ ಸಲಾಕೆ ತೂರಿಸಿ, ಸ್ವಲ್ಪ ಹೊತ್ತು ಬಿಟ್ಟು ಹೊರಗೆಳೆದು, ಕೆನ್ನೆಗೆ ಹಚ್ಚಿ, ಕಾಳು ಕಾವೇರಿದೆಯೇ ಎಂದು ಹೇಳುತ್ತಿದ್ದರಂತೆ. ಮಗನಿಗೂ ಅದೇ ಪಾಠ. "ಆಳಕ್ಕ ಹೋದಷ್ಟೂ ಖರೇ ಗೊತ್ತಾಗತೈತಿ. ಎಲ್ಲಕ್ಕಿಂತ ಉದ್ದಂದು ತರ್ಸು" ಎಂದರು. ತರಿಸಿದೆ. ಆಗ ಮೇಡಂ, "ಸಾಹುಕಾರ್ರ, ಜೋಳ ಕುಂತಲ್ಲೇ ಕುಂತಿರತೈತ್ರಿ. ಉಗಿ ಓಡತೈತಿ. ಜೂರಾಲ ಡ್ಯಾಮಿನ ಗೇಟ್ ಎತ್ತಿದಾಗ ಹೊಳ್ಯಾಗ ನೆಟ್ಟ ಗಳ ನಡುಗೂದು ನೋಡಿಲ್ಲೇನ್ರಿ?" ಎಂದು ಕೇಳಿದರು. ನಾನು ಅಧ್ಯಕ್ಷರ ಕಡೆ ನಿಂತು ಜಗಳಕ್ಕೇ ಇಳಿದೆ. ಅವರ ಮಾತು ಯಾರಿಗೆ ಬೇಕಿತ್ತು?

ಉಗಿ ಬಿಟ್ಟೆವು. ಪೈಪು ಗುಂಯ್ ಎಂದಿತು. ಅಧ್ಯಕ್ಷರು, "ಓಂಕಾರ ಬರಾಕತ್ತೈತಿ!" ಎಂದು ಕೈಮುಗಿದು ಕಾಯಿ ಒಡೆಸಿದರು. ಮೇಡಂ ಒಬ್ಬರೇ, "ಅದು ಓಂಕಾರ ಅಲ್ರಿ, ನಡುಕ" ಎಂದರು. ವಾರದೊಳಗೆ ಒರೆ ಬುಡದಲ್ಲೇ ಮುರಿಯಿತು, ಗಿರಣಿ ನಿಂತಿತು. ಅಧ್ಯಕ್ಷರೇ, ಈಗ ನಗುತ್ತಿದ್ದೀರಿ, ಅವತ್ತು ನಗಲಿಲ್ಲ.

ಆಮೇಲೆ ಹೆದರಿ ಒನಕೆಯಂಥ ದಪ್ಪ ಒರೆ ತರಿಸಿದೆವು. ಅದು ಮುರಿಯಲಿಲ್ಲ. ಆದರೆ ಬಿಸಿ ಅದನ್ನು ದಾಟಿ ಕಡ್ಡಿಗೆ ಮುಟ್ಟುವಷ್ಟರಲ್ಲಿ ಭತ್ತ ಬೆಂದು ಮುದ್ದೆ! ಕೊನೆಗೆ ಮೇಡಂ ಆರಿಸಿದ್ದನ್ನೇ ಹಾಕಿದೆವು: ಗಿಡ್ಡದು, ಬುಡ ದಪ್ಪ, ತುದಿ ಸಪೂರ, ಪೈಪಿನ ನಡುವಿಗೆ ಸರಿಯಾಗಿ ಮುಟ್ಟುವಂಥದ್ದು. ಇಂದಿಗೂ ಅದೇ ಇದೆ.

ಆ ದಪ್ಪ ಒರೆಯನ್ನು ಬಿಚ್ಚುವಾಗ ಮೇಡಂ ನನ್ನನ್ನೇ ನೋಡಿ, "ಇದೂ ನಿಮ್ಮಂಗ ಐತ್ರಿ ಕಾಂತೇಶ್ ಅವ್ರ. ಬಿಸಿ ತಟ್ಟಾಕ ಭಾಳ ಹೊತ್ತು ಬೇಕು" ಎಂದರು. ನಾನು ನಕ್ಕೆ. ನಕ್ಕು, ಸ್ಪ್ಯಾನರ್ ಕೊಟ್ಟೆ.

ಮೇಡಂ ಅವರ ಚಹಾಕ್ಕೆ ಶುಂಠಿ ಜಾಸ್ತಿ ಬೇಕು. ಮೆಣಸಿನಕಾಯಿ ಬಜ್ಜಿಯ ಬೀಜ ತೆಗೆದು ತಿನ್ನುತ್ತಾರೆ. ಹಬ್ಬಕ್ಕೆ ನಾರಾಯಣಪೇಟೆ ಸೀರೆಯನ್ನೇ ಉಡುತ್ತಾರೆ, ಅದೂ ಹಸಿರು ಅಂಚಿನದು. ಕೋಪ ಬಂದರೆ ತೆಲುಗಿಗೆ ಹೊರಳುತ್ತಾರೆ. ಬಾಯ್ಲರ್ ನೋಡುವವನಿಗೆ ಇದೆಲ್ಲ ಏಕೆ ಗೊತ್ತಿರಬೇಕು ಎನ್ನುತ್ತೀರಾ? ಏಕೆಂದು ನನಗೂ ತಿಳಿದಿರಲಿಲ್ಲ.

ಹೋದ ವಾರ ಅವರು ಹೈದರಾಬಾದಿನ ಕೆಲಸಕ್ಕೆ ಹೊರಟಿದ್ದಾರೆಂಬ ಸುದ್ದಿ ಬಂತು. ಮನೆಗೆ ಹೋದರೆ ಊಟ ಸೇರಲಿಲ್ಲ. ನಮ್ಮ ಅವ್ವ ಮಹಾಂತಮ್ಮ ಕೆದಕಿ ಕೆದಕಿ ವಿಷಯ ಹೊರಡಿಸಿ, "ಇಷ್ಟು ವರ್ಷ ಏನ್ ಮಾಡಿದ್ಯೋ? ಬರೇ ಉಗಿ ಕಾಯ್ಕೋತ ಕುಂತಿದ್ಯಾ?" ಎಂದು ಬೈದಳು.

ಮೇಡಂ, ತಾವು ಹೋಗಬೇಡಿ ಎನ್ನುವುದಿಲ್ಲ. ಅಂಥ ಕೆಲಸ ಬಿಡಬಾರದು. ಹೈದರಾಬಾದಿನಲ್ಲೂ ಬಾಯ್ಲರ್ ಇವೆ. ನಿಮ್ಮನ್ನು ಮದುವೆಯಾಗಿ ನಾನೂ ಅಲ್ಲಿಗೆ ಬರಲೇ ಎಂದು ಕೇಳುತ್ತಿದ್ದೇನೆ. ಅಧ್ಯಕ್ಷರೇ, ಹಾಗೆ ನೋಡಬೇಡಿ, ಅವರಿನ್ನೂ ಹೂಂ ಎಂದಿಲ್ಲ! ಇದು ಮೈಕಿನಲ್ಲಿ ಕೇಳುವ ಮಾತಲ್ಲ, ಒಪ್ಪುತ್ತೇನೆ. ಎದುರಿಗೆ ನಿಂತರೆ ಬಾಯಿಗೆ ಬರುವುದು ಜಗಳವೊಂದೇ, ಏನು ಮಾಡಲಿ? ಬೇಡವೆನಿಸಿದರೆ ಮುಂದಿನ ಭಾಷಣಕಾರರನ್ನು ಕರೆಸಿಬಿಡಿ. ನಾನು ಸುಮ್ಮನೆ ಬಾಯ್ಲರ್ ಕಡೆ ಹೋಗುತ್ತೇನೆ.

ಸಭಿಕರೇ, ಚಪ್ಪಾಳೆ ಬೇಡ, ತಡೆಯಿರಿ. ಸಾಕು, ಕೂಡ್ರಿ ಎಂದು ಮೇಡಂ ಕೈಸನ್ನೆ ಮಾಡುತ್ತಿದ್ದಾರೆ. ಕೂಡ್ರುತ್ತೇನೆ. ಆದರೆ ನನ್ನ ಕುರ್ಚಿ ಆ ಕೊನೆಗಿದೆ. ಅವರು ತಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಹಾರ, ಶಾಲು ಎತ್ತಿ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದಾರೆ.

ಕೇಳಿದವರಿಗೆಲ್ಲ ವಂದನೆಗಳು. ಹೇಳುವುದು ಇನ್ನೂ ಇತ್ತು, ಮರೆತುಹೋಯಿತು. ನಮಸ್ಕಾರ.