ಅಕ್ಕನ ದನಿ

ಹಿಟ್ಟಿನ ಗಿರಣಿಯ ಸಾಲಿನಲ್ಲಿ ನನ್ನ ಮುಂದೆ ಒಬ್ಬ ರೈತ, ಪಕ್ಕದಲ್ಲಿ ಅವನ ಮಗಳು.

“ಸಾಹಿತ್ಯದಲ್ಲಿ ಎಂ.ಎ. ಅಂತ ಅಷ್ಟು ಓದಿ ಏನು ಬದಲಾದೆ, ಪಂಡಿತಮ್ಮ?”

“ಮೊದಲು ಕಥೇಲಿ ಮಾತಾಡೋರನ್ನೇ ನಂಬ್ತಿದ್ದೆ ಅಪ್ಪ. ಈಗ ಯಾರಿಗೆ ಮಾತಾಡೋಕೆ ಬಿಟ್ಟಿಲ್ಲ ಅಂತ ಹುಡುಕ್ತೀನಿ.”

“ಹುಡುಕಿ ಯಾರು ಸಿಕ್ಕಿದ್ರು?”

“ಅಕ್ಕ. ಅವಳಿಗೆ ಫೋನ್ ಮಾಡಿದ್ರೆ ಯಾವಾಗ್ಲೂ ಭಾವನೇ ಎತ್ತೋದು.”

“ಪಾಪ, ಮಲಗಿರ್ತಾಳಂತೆ.”

“ಹಗಲೂ?”

“ಹಗಲು ಸ್ನಾನಕ್ಕೆ ಹೋಗಿರ್ತಾಳಂತೆ.”

“ಅವಳ ದನಿ ಕೇಳಿ ಎಷ್ಟು ದಿನ ಆಯ್ತಪ್ಪ?”

ಚೀಲದ ಬಾಯಿ ಬಿಚ್ಚುತ್ತಿದ್ದ ಅವನ ಕೈ ನಿಂತಿತು.

“ಚೆನ್ನಾಗಿದ್ದಾಳೆ ಅಂತ ಅಳಿಯಂದ್ರೇ ಹೇಳಿದ್ರಲ್ಲೇ.”

“ಹೌದು. ಅವರೇ ಹೇಳಿದ್ದು.”

ಅವನು ನನ್ನತ್ತ ತಿರುಗಿದ. “ಸ್ವಾಮಿ, ಚೀಲ ನೋಡ್ಕೊಳ್ಳಿ. ನಡಿಯೇ, ಅವಳೂರಿನ ಬಸ್ಸು ಹೊರಡೋ ಹೊತ್ತು.”

ಅವರ ಸರದಿ ಬಂದಾಗ ಇಬ್ಬರೂ ರಸ್ತೆಯಲ್ಲಿ ಓಡುತ್ತಿದ್ದರು.