ಕರ್ನಲ್‌ನಲ್ಲೇ ತೂತು

ನೆನೆಸಿದ ಬಟ್ಟೆಯನ್ನು ಬಕೆಟ್ಟಿನಲ್ಲೇ ಬಿಟ್ಟು, ಅತ್ತೆಯ ಬಿಪಿ ಮಾತ್ರೆ ಮುಗಿದಿದೆಯೆಂದು ಅವಳು ಮಗಳ ಕೈ ಹಿಡಿದುಕೊಂಡು ಆಸ್ಪತ್ರೆಯ ಔಷಧಿ ಕಿಟಕಿಗೆ ಓಡಿಬಂದಿದ್ದಳು. ಸಾಲು ಅಲ್ಲಾಡುತ್ತಿರಲಿಲ್ಲ. ಕಂಪ್ಯೂಟರ್ ವಿಭಾಗದ ಹೆಂಗಸೊಬ್ಬಳು ಕಿಟಕಿಯ ಪಕ್ಕ ಲ್ಯಾಪ್‌ಟಾಪ್ ಹಿಡಿದು ಕೂತಿದ್ದಳು. ಔಷಧಿ ಕೊಡುವ ಗಡ್ಡದವನು ಒಳಗಿನಿಂದ ಕತ್ತು ಚಾಚಿದ.

"ಏನಕ್ಕಾ, ಬೆಳಬೆಳಗ್ಗೆ ಅಂಗಡಿ ಮುಚ್ಚಿಸಿಬಿಟ್ರಲ್ಲ!"

"ಕರ್ನಲ್‌ನಲ್ಲೇ ತೂತು ಕಣಯ್ಯಾ."

"ಅಯ್ಯೋ ಪಾಪ! ಮಿಲಿಟರಿಯವರಾ? ಯಾವ ವಾರ್ಡು?"

"ಆ ಕರ್ನಲ್ ಅಲ್ಲಪ್ಪಾ! ಇವನು ಕಂಪ್ಯೂಟರ್ ಒಳಗಿನ ಯಜಮಾನ. ಯಾವ ಫೈಲು ಯಾರು ಓದಬೇಕು, ಯಾರು ತಿದ್ದಬೇಕು ಅಂತ ಅಪ್ಪಣೆ ಕೊಡೋನು."

"ನನಗೆ ಓದೋಕೆ ಮಾತ್ರ ಅಪ್ಪಣೆ. ಡಾಕ್ಟ್ರು ಬರೆದಿದ್ದು ಮುಟ್ಟೋ ಹಾಗಿಲ್ಲ."

"ಹಾಗಂತ ನಾವೂ ನಂಬಿದ್ವಿ. ಅವನ ಕಣ್ಣು ತಪ್ಪಿಸೋಕೆ ದಾರಿ ಇದೆಯಂತೆ. ನಿನ್ನಂಥವನೂ ಒಂದು ಮಾತ್ರೇನ ಹತ್ತು ಮಾಡಬಹುದು."

"ನನ್ನ ಮೇಲೇ ಅನುಮಾನಾನಾ?"

"ನಿನಗೆ ಅಷ್ಟು ಬುದ್ಧಿ ಎಲ್ಲಿದೆ, ಬಿಡು. ತೇಪೆ ಹಾಕಾಯ್ತು. ಇನ್ಮೇಲೆ ಯಾರಪ್ಪನ ಕೈಲೂ ಆಗಲ್ಲ."

"ಗ್ಯಾರಂಟೀನಾ?"

"ನಾನೇ ನುಗ್ಗೋಕೆ ನೋಡ್ದೆ, ಬಾಗಿಲಲ್ಲೇ ತಡೀತು. ಧೈರ್ಯವಾಗಿ ಶುರು ಮಾಡು."

ಒಳಗೆ ಪರದೆ ಬೆಳಗಿತು. ಸಾಲು ಒಂದು ಹೆಜ್ಜೆ ಸರಿಯಿತು. ಅವಳು ನೆಮ್ಮದಿಯಿಂದ ಅತ್ತೆಯ ಆಸ್ಪತ್ರೆ ಕಾರ್ಡನ್ನು ಕೈಗೆ ತೆಗೆದುಕೊಂಡಳು. ಹೆಂಗಸು ಲ್ಯಾಪ್‌ಟಾಪ್ ಮಡಚಿ ಹೊರಟಳು. ಅಷ್ಟು ಹೊತ್ತೂ ಅಮ್ಮನ ಸೆರಗು ತಿರುಚುತ್ತ ತುಟಿ ಕಚ್ಚಿಕೊಂಡಿದ್ದ ಮಗಳು ಕೊನೆಗೆ ಕೂಗಿಯೇಬಿಟ್ಟಳು.

"ಆಂಟೀ, ಇನ್ಮೇಲೆ ಆಗಲ್ಲ, ಸರಿ. ನೀವು ತೇಪೆ ಹಾಕೋಕೆ ಮುಂಚೇನೇ ಯಾರಾದ್ರೂ ನಮ್ಮಜ್ಜಿ ಮಾತ್ರೆ ತಿದ್ದಿ ಹೋಗಿದ್ರೆ?"