ಮದುವೆ ಸಾಕ್ಷಿಯ ಮದರ್‌ಬೋರ್ಡ್

ನಿಶ್ ಪಟ್ಟಣದ ಬಸ್ಸಿನಲ್ಲಿ ನನ್ನ ಮುಂದೆ ಕೂತಿದ್ದ ದಂಪತಿಯ ಮಡಿಲ ತುಂಬ ಕಂಪ್ಯೂಟರಿನ ಬಿಡಿಭಾಗಗಳಿದ್ದವು.

"ವುಕಾಶಿನ್, ಈ ಪ್ರೊಸೆಸರ್ ಆ ಮದರ್‌ಬೋರ್ಡಲ್ಲಿ ಕೂರಲ್ವಂತೆ. ಬೋರ್ಡ್ ಬದಲಾಯಿಸು."

"ನಮ್ಮ ಮದುವೆಗೆ ಸಾಕ್ಷಿ ನಿಂತ ಮಿಲುಟಿನ್ ಪುಕ್ಕಟೆ ಕೊಟ್ಟಿದ್ದು ಕಣೇ! ವಾಪಸ್ ಕೊಟ್ರೆ ಜನ್ಮದಲ್ಲಿ ಮಾತಾಡಲ್ಲ."

"ಹಾಗಾದ್ರೆ ಬೇರೆ ಪ್ರೊಸೆಸರ್ ತಗೋ."

"ಅದಕ್ಕೆ ಹೊಂದೋದು ಈಗ ಎಲ್ಲೂ ಸಿಗಲ್ಲ."

"ಸೋಮವಾರ ಕಂಪ್ಯೂಟರ್ ಶುರುವಾಗದಿದ್ರೆ ನನ್ನ ಅನುವಾದದ ಕೆಲಸ ಹೋಗುತ್ತೆ, ಮಾರಾಯ!"

"ಸರಿ, ಅಗ್ಗದ್ದೊಂದು ಬೋರ್ಡ್ ತಗೊಳ್ಳೋಣ. ಮಿಲುಟಿನ್‌ದನ್ನ ಅದೇ ಕಂಪ್ಯೂಟರ್ ಡಬ್ಬದ ಒಂದು ಮೂಲೇಲಿ ಸ್ಕ್ರೂ ಹಾಕಿ ಕೂರಿಸ್ತೀನಿ. ಅವನು ಮನೆಗೆ ಬಂದಾಗ ಮುಚ್ಚಳ ತೆಗೆದು ತೋರಿಸಬಹುದು."

"ಅದಕ್ಕೆ ಏನು ಕೆಲಸ?"

"ಏನೂ ಇಲ್ಲ."

"ಒಂದು ಬಣ್ಣದ ದೀಪಾನೂ ಹಾಕು. ನಮ್ಮ ಮದುವೇಲೂ ಅವನು ಹಾಗೇ, ಏನೂ ಕೆಲಸ ಮಾಡದೆ ಮಿಂಚ್ತಾ ತಾನೇ ನಿಂತಿದ್ದ?"

ಬಸ್ಸು ನಿಂತಿತು. ಅಂಗಡಿಗೆ ಮರಳಲು ಇಬ್ಬರೂ ಇಳಿದರು. ಮಿಲುಟಿನ್‌ನ ಬೋರ್ಡನ್ನು ಮಾತ್ರ ವುಕಾಶಿನ್ ಎದೆಗವಚಿ ಹಿಡಿದಿದ್ದ.